ಹುಟ್ಟಾಳು, ಮಣ್ಣಾಳು: ದಾಸ್ಯವನ್ನು ಕುರಿತು ಒಂದು ಧರ್ಮವಿಚಾರ



ಗುಲಾಮಗಿರಿ ಎಂಬ ಮಾತು ಕಿವಿಗೆ ಬಿದ್ದೊಡನೆಯೇ ನಮ್ಮ ಮನಸ್ಸು ಸಮುದ್ರವನ್ನು ದಾಟಿಹೋಗುತ್ತದೆ. ಆಫ್ರಿಕದ ಕರಾವಳಿ, ಸಂಕೋಲೆ ತೊಡಿಸಿದ ಜನರನ್ನು ತುಂಬಿಕೊಂಡ ಹಡಗುಗಳು, ಅಮೆರಿಕದ ಹತ್ತಿಯ ಹೊಲಗಳು, ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳು, ಇವೇ ಕಣ್ಣಮುಂದೆ ಬಂದು ನಿಲ್ಲುತ್ತವೆ. ಅದು ಪರದೇಶದವರ ಪಾಪ, ನಮಗೂ ಅದಕ್ಕೂ ಏನು ಸಂಬಂಧವೆಂದು ನಾವು ಒಳಗೊಳಗೇ ಸಮಾಧಾನಪಟ್ಟುಕೊಳ್ಳುವುದೂ ಉಂಟು. ಈ ಸಮಾಧಾನಕ್ಕೆ ಆಧಾರ ಸಾಲದು. ಅದು ಸಾಲದೆಂಬುದನ್ನು ತಿಳಿಯಲು ಬಹು ದೂರ ಹೋಗಬೇಕಾಗಿಯೂ ಇಲ್ಲ.

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಹೊಸಬಾಳೆ ಎಂಬ ಊರಿದೆ. ಆ ಸೀಮೆಯನ್ನು ಬಲ್ಲವರಿಗೆ ಅಲ್ಲಿನ ನೆಲದ ಗುಣವನ್ನು ಹೇಳಿಕೊಡಬೇಕಾಗಿಲ್ಲ. ಕೆರೆ, ಕೆರೆಯ ಕೆಳಗೆ ಗದ್ದೆ, ಕಣಿವೆಯಲ್ಲಿ ಅಡಿಕೆಯ ತೋಟ, ತೋಟದ ಮೇಲ್ಗಡೆ ಸೊಪ್ಪಿನಬೆಟ್ಟ. ತಾಲ್ಲೂಕಿನ ಬಡಗಲ ಗಡಿಯಾಚೆ ಕದಂಬರ ಬನವಾಸಿ; ಪಡುವಲಲ್ಲಿ ಸಿದ್ದಾಪುರ; ಮೂಡಲಲ್ಲಿ ಶಿಕಾರಿಪುರದ ಸೀಮೆ, ಅದರೊಳಗೆ ಅಲ್ಲಮಪ್ರಭುವಿನ ಬಳ್ಳಿಗಾವಿ ಮತ್ತು ಅಕ್ಕಮಹಾದೇವಿಯ ಉಡುತಡಿ. ಇಷ್ಟು ಪುಣ್ಯಸ್ಥಳಗಳ ನಡುವಣ ಈ ಮಲೆನಾಡಿನಲ್ಲಿಯೇ, ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ವಿವರಗಳನ್ನು ಬರೆದಿಟ್ಟವರು ಎರಡು ಮಾತುಗಳನ್ನು ದಾಖಲಿಸಿದ್ದಾರೆ. ಒಂದು ‘ಹುಟ್ಟಾಳು’, ಇನ್ನೊಂದು ‘ಮಣ್ಣಾಳು’.

ಹುಟ್ಟಾಳೆಂದರೆ ಒಡೆಯನ ಮನೆಯಲ್ಲಿ ಆಳಾಗಿಯೇ ಹುಟ್ಟಿದವನು. ಅವನ ತಂದೆ ಆ ಮನೆಗೆ ಆಳು. ಅವನ ಮಗನೂ ಆಳಾಗತಕ್ಕವನು. ಮಣ್ಣಾಳೆಂದರೆ ಮಣ್ಣಿಗೆ ಅಂಟಿಕೊಂಡವನು. ಜಮೀನು ಒಬ್ಬರಿಂದೊಬ್ಬರಿಗೆ ಕ್ರಯವಾದರೆ, ಅದರ ಮೇಲಣ ಮರಗಿಡಗಳು ಹೇಗೆ ಕೊಂಡವನ ಪಾಲಾಗುತ್ತವೆಯೋ ಹಾಗೆ ಅವನೂ ಕೊಂಡವನ ಪಾಲಾಗುತ್ತಿದ್ದನು. ಇವರು ಬಹುಮಟ್ಟಿಗೆ ಅಂದು ಅಸ್ಪೃಶ್ಯರೆಂದು ಊರ ಹೊರಗೆ ಇರಿಸಲ್ಪಟ್ಟಿದ್ದ ಜನ. ಬಯಲುಸೀಮೆಯಲ್ಲಿ ಇದೇ ಜನರಿಗೆ ಕುಳವಾಡಿಕೆಯ ನಿಮಿತ್ತವಾಗಿ ಊರಿನ ಎಲ್ಲೆಕಟ್ಟಿನ ವ್ಯಾಜ್ಯದಲ್ಲಾದರೂ ಮಾತನಾಡುವ ಒಂದು ಸ್ಥಾನವಿತ್ತು. ಮಲೆನಾಡಿನಲ್ಲಿ ಅದೂ ಇರಲಿಲ್ಲ.

‘ಆಳು’ ಎಂಬ ನಮ್ಮ ಕನ್ನಡದ ಮಾತು ವಿಚಿತ್ರವಾದದ್ದು. ಕ್ರಿಯಾಪದವಾದರೆ ಅದಕ್ಕೆ ಅರಸುತನ ಮಾಡು ಎಂದರ್ಥ. ನಾಮಪದವಾದರೆ ಸೇವಕನೆಂದೂ ಅರ್ಥ, ಬರಿಯ ಮನುಷ್ಯನೆಂದೂ ಅರ್ಥ. ಎರಡಾಳಿನ ಎತ್ತರ, ನಾಲ್ಕಾಳಿನ ಕೆಲಸ ಎನ್ನುವಾಗ ನಾವು ಮನುಷ್ಯನನ್ನೇ ಹೇಳುತ್ತಿರುತ್ತೇವೆ. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂಬ ಗಾದೆಯು ದುಡಿಮೆಗೂ ಉಣಿಸಿಗೂ ಇರಬೇಕಾದ ನ್ಯಾಯವಾದ ಸಂಬಂಧವನ್ನು ತೋರಿಸುತ್ತದೆ. ಆದರೆ ಮಣ್ಣಾಳಿನ ಪಾಲಿಗೆ ಈ ಗಾದೆಯ ಮೊದಲರ್ಧ ಮಾತ್ರ ಬಂದಿತು. ಸೊಪ್ಪು ಕಡಿದು ಹೊರುವುದು, ಕೊಟ್ಟಿಗೆಯ ಗೊಬ್ಬರವನ್ನು ತೋಟಕ್ಕೆ ಸಾಗಿಸುವುದು, ಕಪ್ಪುಗಳನ್ನು ತೋಡುವುದು, ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹೊದೆದು ಮೊಣಕಾಲುದ್ದ ಕೆಸರಿನಲ್ಲಿ ನಾಟಿ ಮಾಡುವುದು, ಇವೆಲ್ಲವೂ ಆಳಿನ ದುಡಿಮೆ. ಉಣ್ಣುವ ಅರಸು ಬೇರೆ.

೧೮೦೧ರಲ್ಲಿ ಸೋಂದೆ, ಬನವಾಸಿ, ಚಂದ್ರಗುತ್ತಿ, ಇಕ್ಕೇರಿಗಳ ಮೂಲಕ ಪ್ರಯಾಣಮಾಡಿದ ವೈದ್ಯ ಫ್ರಾನ್ಸಿಸ್ ಬುಕಾನನ್ನನು ತನ್ನ ಪ್ರವಾಸದ ದಿನಚರಿಯಲ್ಲಿ ಬೆಳೆ, ಬೆಲೆ, ಗೇಣಿಗಳ ಜೊತೆಗೆ ಕೂಲಿಯಾಳುಗಳ ಮತ್ತು ಗುಲಾಮರ ಸಂಗತಿಯನ್ನೂ ಬರೆದುಕೊಳ್ಳುತ್ತ ಹೋದನು. ಅವನದು ಲೆಕ್ಕಿಗನ ಬರವಣಿಗೆ, ಅಲ್ಲಿ ಆವೇಶವಿಲ್ಲ. ಎತ್ತುಗಳ ಲೆಕ್ಕ ಬರುವ ಪುಸ್ತಕದಲ್ಲಿಯೇ ಆಳುಗಳ ಲೆಕ್ಕವೂ ಬರುತ್ತದೆ. ಓದುವವರ ಮನಸ್ಸನ್ನು ಕಲಕುವುದಕ್ಕೆ ಅಷ್ಟೇ ಸಾಕು.

ಇಲ್ಲಿ ಒಂದು ಆಕ್ಷೇಪಣೆಯನ್ನು ನಾವು ಎದುರಿಸಬೇಕಾಗುತ್ತದೆ. ನಮ್ಮ ಮಲೆನಾಡಿನ ಆಳುಗಳನ್ನು ಅಮೆರಿಕದ ಗುಲಾಮರಿಗೆ ಹೋಲಿಸುವುದು ಸರಿಯಲ್ಲ. ಇಲ್ಲಿ ಅವರು ಮನೆಯ ಮಕ್ಕಳ ಹಾಗೆ ಇದ್ದರು. ಒಡೆಯನು ಅವರ ಮದುವೆ ಮಾಡಿಸುತ್ತಿದ್ದನು, ಕಾಯಿಲೆಯಾದರೆ ಕಷಾಯ ಕೊಡಿಸುತ್ತಿದ್ದನು, ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದನು ಎಂದು ಹೇಳುವವರಿದ್ದಾರೆ. ಈ ಮಾತಿನಲ್ಲಿ ಸುಳ್ಳಿಲ್ಲದಿರಬಹುದು. ದಯಾಳುಗಳಾದ ಒಡೆಯರು ಎಲ್ಲ ಕಾಲದಲ್ಲಿಯೂ ಎಲ್ಲ ದೇಶದಲ್ಲಿಯೂ ಇದ್ದರು. ಆದರೆ ವಿಚಾರಮಾಡತಕ್ಕ ವಿಷಯ, ಒಡೆಯನು ದಯಾಳುವೋ ಕ್ರೂರಿಯೋ ಎಂಬುದಲ್ಲ. ಒಬ್ಬ ಮನುಷ್ಯನು ಮತ್ತೊಬ್ಬ ಮನುಷ್ಯನಿಗೆ ಒಡೆಯನಾಗಬಹುದೇ ಎಂಬುದು. ಮೊದಲನೆಯದು ನಡತೆಯ ಪ್ರಶ್ನೆ, ಎರಡನೆಯದು ಧರ್ಮದ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದ ಧರ್ಮಚಿಂತಕರು ಮಾಡಿದ ದೊಡ್ಡ ಕೆಲಸವೇನೆಂದರೆ, ಈ ಎರಡು ಪ್ರಶ್ನೆಗಳನ್ನು ಒಂದರಿಂದೊಂದನ್ನು ಬಿಡಿಸಿ ತೋರಿಸಿದುದು.

ಅವರ ವಿಚಾರಕ್ಕೆ ಹೋಗುವ ಮುನ್ನ ನಮ್ಮ ಧರ್ಮಶಾಸ್ತ್ರಗಳು ಏನು ಹೇಳಿದುವೆಂಬುದನ್ನು ನೋಡಬೇಕು. ಮನುವು ಏಳು ಬಗೆಯ ದಾಸರನ್ನೂ ನಾರದನು ಹದಿನೈದು ಬಗೆಯ ದಾಸರನ್ನೂ ಎಣಿಸುತ್ತಾರೆ. ಮನೆಯಲ್ಲಿ ಹುಟ್ಟಿದವನು, ಕ್ರಯಕ್ಕೆ ಬಂದವನು, ಕ್ಷಾಮದಲ್ಲಿ ಅನ್ನಹಾಕಿ ಬದುಕಿಸಿದವನು, ಸಾಲದಿಂದ ಬಿಡಿಸಿಕೊಂಡವನು, ಯುದ್ಧದಲ್ಲಿ ಸಿಕ್ಕಿದವನು, ಹೀಗೆ ಆ ಪಟ್ಟಿ ಬೆಳೆಯುತ್ತದೆ. ಹಿಂದೂ ವ್ಯವಹಾರಶಾಸ್ತ್ರದ ಶಿರೋಭೂಷಣವೆನಿಸಿದ ಮಿತಾಕ್ಷರೆಯು ಹುಟ್ಟಿದುದು ನಮ್ಮ ಕನ್ನಡನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಳಿಕೆಯಲ್ಲಿ. ಅದನ್ನು ಬರೆದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನಮಾಡುತ್ತ ಈ ವಿಷಯವನ್ನೂ ವಿಚಾರಿಸಿದ್ದಾನೆ. ಬಲಾತ್ಕಾರದಿಂದ ದಾಸನಾದವನನ್ನೂ ಕಳ್ಳರು ಮಾರಿದವನನ್ನೂ ಬಿಟ್ಟುಬಿಡಬೇಕು. ಒಡೆಯನ ಪ್ರಾಣವನ್ನು ಉಳಿಸಿದ ದಾಸನು ದಾಸ್ಯದಿಂದ ಮುಕ್ತನಾಗುವನು ಎಂಬುದು ಸ್ಮೃತಿಯ ಮತ.

ಬಿಡುಗಡೆಗೆ ಒಂದು ವಿಧಿಯನ್ನೂ ನಾರದನು ಹೇಳಿದ್ದಾನೆ. ಒಡೆಯನು ದಾಸನ ಹೆಗಲ ಮೇಲಿನ ನೀರಿನ ಕೊಡವನ್ನು ತೆಗೆದು ಒಡೆಯಬೇಕು. ಅಕ್ಷತೆಯೂ ಹೂವೂ ಬೆರೆತ ನೀರನ್ನು ಅವನ ತಲೆಯ ಮೇಲೆ ಚಿಮುಕಿಸಬೇಕು. ‘ಅದಾಸ’ ಎಂದು ಮೂರು ಬಾರಿ ಉಚ್ಚರಿಸಿ ಅವನನ್ನು ಪೂರ್ವದಿಕ್ಕಿಗೆ ಮುಖಮಾಡಿ ಕಳುಹಿಸಬೇಕು. ಒಬ್ಬನ ಹೊರೆಯನ್ನು ಒಡೆದು, ಸೂರ್ಯೋದಯದ ದಿಕ್ಕಿಗೆ ನಡೆಯೆಂದು ಹೇಳುವ ಈ ವಿಧಿ ಬಹಳ ಅಂದವಾದದ್ದು. ಇಷ್ಟು ಅಂದವಾದ ಬಾಗಿಲನ್ನು ಇರಿಸಿದ್ದ ಶಾಸ್ತ್ರವು ಆ ಮನೆಯೇ ಇರಬಾರದೆಂದು ಮಾತ್ರ ಹೇಳಲಿಲ್ಲ. ಅಷ್ಟೇ ಅಲ್ಲ, ದಾಸ್ಯವು ವರ್ಣಗಳ ಅನುಲೋಮಕ್ರಮದಲ್ಲಿ ಸಲ್ಲುವುದು, ಪ್ರತಿಲೋಮಕ್ರಮದಲ್ಲಿ ಸಲ್ಲದು ಎಂದು ಯಾಜ್ಞವಲ್ಕ್ಯನೇ ವಿಧಿಸಿದ್ದಾನೆ. ಎಂದರೆ ಮೇಲಿನವನಿಗೆ ಕೆಳಗಿನವನು ದಾಸನಾಗಬಹುದು. ಕೆಳಗಿನವನಿಗೆ ಮೇಲಿನವನು ಆಗಕೂಡದು. ೧೯೦೯ರಲ್ಲಿ ಮೈಸೂರಿನಿಂದ ಆರ್. ಶಾಮಶಾಸ್ತ್ರಿಗಳು ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರವೂ ಆರ್ಯನಿಗೆ ದಾಸ್ಯವಿಲ್ಲವೆಂದು ಗಂಭೀರವಾಗಿ ಸಾರುತ್ತದೆ. ಆದರೆ ಅದೇ ಪ್ರಕರಣದಲ್ಲಿ ಮ್ಲೇಚ್ಛರು ತಮ್ಮ ಸಂತಾನವನ್ನು ಮಾರುವುದು ದೋಷವಲ್ಲವೆಂದೂ ಹೇಳುತ್ತದೆ. ನಮ್ಮ ಶಾಸ್ತ್ರಗಳಲ್ಲಿ ದಯೆ ಇದ್ದಿತು, ಆ ದಯೆಗೆ ಒಂದು ಎಲ್ಲೆಗಲ್ಲೂ ಇದ್ದಿತು. ಮಲೆನಾಡಿನ ಮಣ್ಣಾಳು ನಿಂತಿದ್ದುದು ಆ ಕಲ್ಲಿನ ಆಚೆಯ ಕಡೆಯಲ್ಲಿ.

ಈ ಎಲ್ಲೆಯನ್ನು ದಾಟಿದವರು ನಮ್ಮಲ್ಲಿ ಯಾರೂ ಇರಲಿಲ್ಲವೇ? ಇದ್ದರು. ಬಳ್ಳಿಗಾವಿಯ ಕೋಡಿಯ ಮಠದ ೧೧೬೨ರ ಶಾಸನವು, ಆ ಮಠದಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ನಾನಾ ಮತಗಳ ಭಿಕ್ಷುಗಳು ಎಲ್ಲರಿಗೂ ಅನ್ನವುಂಟೆಂದೂ ರೋಗಿಗಳಿಗೆ ಔಷಧವುಂಟೆಂದೂ ವರ್ಣಿಸುತ್ತದೆ. ಇದು ದಯೆಯ ವಿಸ್ತಾರ. ಅದೇ ಶತಮಾನದಲ್ಲಿ ಅದೇ ಸೀಮೆಯಿಂದ ಹೊರಟ ಅಲ್ಲಮನೂ ಅಕ್ಕನೂ ಕಲ್ಯಾಣದ ಶರಣರೊಡನೆ ಸೇರಿ ಹೇಳಿದುದು ದಯೆಗಿಂತ ಹೆಚ್ಚಿನದು. ಮನುಷ್ಯನಿಗೆ ಒಡೆಯನೊಬ್ಬನೇ, ಅವನು ದೇವರು. ದುಡಿಮೆಯು ಕಾಯಕವಾದುದರಿಂದ ಅದರಲ್ಲಿ ಮೇಲು ಕೀಳಿಲ್ಲ. ದಾಸೋಹವೆಂಬುದು ತಾನಾಗಿ ಒಪ್ಪಿ ಮಾಡತಕ್ಕ ಸೇವೆ ಎಂಬುದು ಅವರ ನಿಲುವು. ಅಕ್ಕನ ಬದುಕೇ ಇದಕ್ಕೆ ನಿದರ್ಶನ. ಚೆನ್ನಮಲ್ಲಿಕಾರ್ಜುನನಲ್ಲದೆ ತನಗೆ ಬೇರೆ ಒಡೆಯನಿಲ್ಲವೆಂದು ಅರಮನೆಯನ್ನು ಬಿಟ್ಟು ನಡೆದ ಹೆಣ್ಣುಮಗಳು ಅವಳು. ಈ ತತ್ತ್ವವು ಮಠಗಳಲ್ಲಿ ಪೂಜೆಗೊಂಡಿತು. ಆದರೆ ಕ್ರಯಪತ್ರವನ್ನು ಬರೆಯುವ ಶಾನುಭೋಗನ ಕೈಯನ್ನು ತಡೆಯುವಷ್ಟು ದೂರ ಅದು ಬರಲಿಲ್ಲ. ಅದು ಭಕ್ತಿಯಾಗಿ ಉಳಿಯಿತು, ಶಾಸನವಾಗಲಿಲ್ಲ.

ಇನ್ನು ಪಶ್ಚಿಮದೇಶಗಳ ಕಡೆಗೆ ತಿರುಗೋಣ. ಅಲ್ಲಿ ಕ್ರೈಸ್ತಧರ್ಮವು ಮೊದಲಿನಿಂದಲೂ ಗುಲಾಮಗಿರಿಯನ್ನು ವಿರೋಧಿಸುತ್ತ ಬಂದಿತೆಂದು ತಿಳಿದರೆ ಅದು ತಪ್ಪು. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಅನೇಕ ಪಾದ್ರಿಗಳು ಬೈಬಲನ್ನು ಕೈಯಲ್ಲಿ ಹಿಡಿದೇ ಗುಲಾಮಗಿರಿಯನ್ನು ಸಮರ್ಥಿಸಿದರು. ಪಿತಾಮಹ ಅಬ್ರಹಾಮನಿಗೆ ದಾಸರಿರಲಿಲ್ಲವೇ? ಮೋಶೆಯ ಧರ್ಮಶಾಸ್ತ್ರದಲ್ಲಿ ದಾಸರಿಗೆ ನಿಯಮಗಳಿಲ್ಲವೇ? ಓಡಿಬಂದ ದಾಸನಾದ ಒನೇಸಿಮನನ್ನು ಸಂತ ಪೌಲನು ಒಡೆಯನಾದ ಫಿಲೆಮೋನನ ಬಳಿಗೆ ಹಿಂದಕ್ಕೆ ಕಳುಹಿಸಲಿಲ್ಲವೇ? ಹೀಗಿತ್ತು ಅವರ ವಾದ. ಈ ಒಂದು ಪ್ರಶ್ನೆಯಿಂದಾಗಿ ೧೮೪೪ರಲ್ಲಿ ಅಲ್ಲಿನ ಮೆಥೊಡಿಸ್ಟ್ ಸಭೆಯೂ ೧೮೪೫ರಲ್ಲಿ ಬ್ಯಾಪ್ಟಿಸ್ಟ್ ಸಭೆಯೂ ಉತ್ತರ ದಕ್ಷಿಣವೆಂದು ಸೀಳಿಹೋದುವು. ದೇಶವು ಎರಡಾಗುವುದಕ್ಕೆ ಹದಿನೈದು ವರ್ಷ ಮುಂಚೆಯೇ ದೇವಾಲಯಗಳು ಎರಡಾಗಿದ್ದುವು. ಯುದ್ಧದ ಕೊನೆಯಲ್ಲಿ, ೧೮೬೫ರ ಮಾರ್ಚ್ ತಿಂಗಳಲ್ಲಿ, ಎರಡು ಪಕ್ಷದವರೂ ಒಂದೇ ಗ್ರಂಥವನ್ನು ಓದಿ ಒಂದೇ ದೇವರಿಗೆ ಮೊರೆಯಿಟ್ಟರೆಂದು ಲಿಂಕನ್ನನು ತನ್ನ ಭಾಷಣದಲ್ಲಿ ನೆನೆದುದು ಈ ಕಾರಣದಿಂದಲೇ.

ಒಂದೇ ಗ್ರಂಥದಿಂದ ಎರಡು ತೀರ್ಪು ಬರುವುದಾದರೆ ಯಾವುದನ್ನು ನಂಬಬೇಕು? ಗುಲಾಮಗಿರಿಯ ವಿರೋಧಿಗಳಿಗೆ ಎದುರಾದ ನಿಜವಾದ ಕಷ್ಟ ಇದು. ಅವರಲ್ಲಿ ಕೆಲವರು ವಚನಕ್ಕೆ ವಚನವನ್ನು ಒಡ್ಡಿದರು. ಥಿಯೊಡೋರ್ ವೆಲ್ಡನು ೧೮೩೭ರಲ್ಲಿ ಪ್ರಕಟಿಸಿದ ಪುಸ್ತಕವು, ಹಳೆಯ ಒಡಂಬಡಿಕೆಯಲ್ಲಿ ಕಾಣುವ ಸೇವಕರು ಅಮೆರಿಕದ ಅರ್ಥದಲ್ಲಿ ಗುಲಾಮರೇ ಅಲ್ಲವೆಂದು ವಾದಿಸಿತು. ೧೮೪೫ರಲ್ಲಿ ಫ್ರಾನ್ಸಿಸ್ ವೇಲಂಡ್ ಮತ್ತು ರಿಚರ್ಡ್ ಫುಲ್ಲರ್ ಎಂಬ ಇಬ್ಬರು ಬ್ಯಾಪ್ಟಿಸ್ಟ್ ಪಂಡಿತರು ಈ ವಿಷಯವಾಗಿ ಪರಸ್ಪರ ಬರೆದುಕೊಂಡ ಪತ್ರಗಳು ಪುಸ್ತಕವಾಗಿಯೇ ಹೊರಬಿದ್ದುವು. ನಮ್ಮ ಹಳೆಯ ವಾಕ್ಯಾರ್ಥಸಭೆಗಳನ್ನು ಬಲ್ಲವರಿಗೆ ಈ ರೀತಿಯು ಹೊಸದೆಂದು ತೋರುವುದಿಲ್ಲ. ವಾಕ್ಯಾರ್ಥದಲ್ಲಿ ಗೆದ್ದವನಿಗೆ ಶಾಲು ಸಿಗಬಹುದು. ಸೋತವನ ಮನಸ್ಸು ಮಾತ್ರ ಬದಲಾಗುವುದು ಅಪರೂಪ.

ಬೇರೆಯ ದಾರಿಯನ್ನು ಹಿಡಿದವರಲ್ಲಿ ಮುಖ್ಯನು ಬಾಸ್ಟನ್ನಿನ ಯೂನಿಟೇರಿಯನ್ ಉಪದೇಶಕ ವಿಲಿಯಂ ಎಲರಿ ಚಾನಿಂಗ್. ೧೮೩೫ರಲ್ಲಿ ಅವನು ಗುಲಾಮಗಿರಿಯನ್ನು ಕುರಿತು ಬರೆದ ಪುಸ್ತಕದ ತಿರುಳನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು. ಸ್ವತ್ತು ಎಂದರೇನು? ಒಡೆಯನ ಇಚ್ಛೆಗಾಗಿ ಇರತಕ್ಕ ವಸ್ತು. ಕೊಡಲಿಗೆ ತನ್ನದೇ ಆದ ಉದ್ದೇಶವಿಲ್ಲ. ಎತ್ತಿಗೆ ಪಾಪಪುಣ್ಯಗಳ ವಿವೇಕವಿಲ್ಲ. ಆದರೆ ಮನುಷ್ಯನಿಗೆ ಅಂತಸ್ಸಾಕ್ಷಿಯಿದೆ. ಇದು ಸರಿ, ಇದು ತಪ್ಪು ಎಂದು ತಿಳಿದು ಅದಕ್ಕೆ ತಕ್ಕಂತೆ ನಡೆಯುವ ಹೊಣೆಯನ್ನು ದೇವರು ಅವನ ಮೇಲೆ ಹೊರಿಸಿದ್ದಾನೆ. ದೇವರಿಗೆ ಉತ್ತರ ಹೇಳಬೇಕಾದವನು ತನ್ನ ಇಚ್ಛೆಯನ್ನು ಮತ್ತೊಬ್ಬನಿಗೆ ಕ್ರಯಕ್ಕೆ ಕೊಡಲಾರನು. ಮತ್ತೊಬ್ಬನು ಅದನ್ನು ಕೊಳ್ಳಲೂ ಆರನು. ಆದುದರಿಂದ ಮನುಷ್ಯನನ್ನು ಸ್ವತ್ತೆನ್ನುವುದು ಕ್ರೌರ್ಯವಾಗುವುದಕ್ಕೆ ಮುಂಚೆಯೇ ಅಸತ್ಯವಾಗುತ್ತದೆ. ಹೊಡೆಯದಿದ್ದರೂ ಬಯ್ಯದಿದ್ದರೂ, ಹೊಟ್ಟೆತುಂಬ ಅನ್ನವಿಕ್ಕಿದರೂ, ಅದು ಅಸತ್ಯವೇ.

ಶ್ರೋತೃಗಳು ಈ ಮಾತನ್ನು ಉಡುತಡಿಯ ಅಕ್ಕನ ನಿಲುವಿನೊಡನೆ ಇಟ್ಟು ನೋಡಬೇಕು. ಇಬ್ಬರ ನಡುವೆ ಏಳುನೂರು ವರ್ಷಗಳೂ ಎರಡು ಸಮುದ್ರಗಳೂ ಇವೆ. ಒಬ್ಬರ ಹೆಸರು ಒಬ್ಬರಿಗೆ ತಿಳಿದಿರುವ ಸಂಭವವಿಲ್ಲ. ಆದರೂ ದೇವರೊಬ್ಬನೇ ಒಡೆಯನಾದರೆ ಉಳಿದವರಾರೂ ಒಡೆಯರಲ್ಲ ಎಂಬ ತರ್ಕವು ಇಬ್ಬರಲ್ಲಿಯೂ ಒಂದೇ.

ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಹೋಗಿ, ಅಮೆರಿಕದ ದೊಡ್ಡ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ಸನು ೧೮೪೫ರ ತನ್ನ ಆತ್ಮಕಥೆಯ ಕೊನೆಯಲ್ಲಿ, ಒಡೆಯರ ಕ್ರೈಸ್ತಧರ್ಮವೇ ಬೇರೆ, ಕ್ರಿಸ್ತನ ಧರ್ಮವೇ ಬೇರೆ ಎಂದು ಬಿಡಿಸಿ ಹೇಳಿದನು. ಅವನಿಗೆ ಇದು ತರ್ಕದ ಮಾತಾಗಿರಲಿಲ್ಲ. ಬೆನ್ನಿನ ಮೇಲೆ ಬರೆದಿದ್ದ ಮಾತು. ಇತ್ತ ರೋಮಿನ ಗುರುಪೀಠದಿಂದ ಹದಿನಾರನೆಯ ಗ್ರೆಗರಿಯು ೧೮೩೯ರಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ ನಿರೂಪ ಹೊರಡಿಸಿದನು. ಟ್ಯೂನಿಸಿನ ಅಹಮದ್ ಬೇ ಎಂಬ ಮುಸಲ್ಮಾನ ದೊರೆಯು ೧೮೪೬ರಲ್ಲಿ, ಶರೀಯತ್ತಿನ ಆಧಾರವನ್ನೇ ತೋರಿಸಿ, ತನ್ನ ರಾಜ್ಯದಲ್ಲಿ ಗುಲಾಮಗಿರಿಯನ್ನು ನಿಲ್ಲಿಸಿದನು. ಅಮೆರಿಕಕ್ಕೆ ಆ ಸುದಿನ ಬಂದುದು ಅದಾದ ಹತ್ತೊಂಬತ್ತು ವರ್ಷಗಳ ಮೇಲೆ. ಈ ವಿವೇಕವು ಯಾವುದೋ ಒಂದು ಮತದವರ ಆಸ್ತಿಯಲ್ಲವೆಂದು ಇದರಿಂದ ತಿಳಿಯುತ್ತದೆ.

ಈ ವಿಚಾರದ ಅಲೆಯು ನಮ್ಮ ದೇಶವನ್ನು ಮುಟ್ಟಿದ ಬಗೆಯನ್ನು ಈಗ ನೋಡೋಣ. ೧೮೩೩ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಮಾಡಿತು. ಇಪ್ಪತ್ತು ಮಿಲಿಯ, ಎಂದರೆ ಎರಡು ಕೋಟಿ ಪೌಂಡುಗಳನ್ನು ಪರಿಹಾರವಾಗಿ ಕೊಟ್ಟಿತು. ಕೊಟ್ಟುದು ಯಾರಿಗೆ? ದುಡಿದವರಿಗಲ್ಲ, ದುಡಿಸಿಕೊಂಡವರಿಗೆ. ಮತ್ತೊಂದು ಸ್ವಾರಸ್ಯವೆಂದರೆ ಆ ಶಾಸನವು ಈಸ್ಟ್ ಇಂಡಿಯಾ ಕಂಪೆನಿಯ ರಾಜ್ಯಕ್ಕೆ ಅನ್ವಯಿಸುವುದಿಲ್ಲವೆಂದು ಅದರಲ್ಲಿಯೇ ಬರೆದಿದ್ದಿತು. ಜಮೈಕಾದ ಕಬ್ಬಿನ ತೋಟದ ಗುಲಾಮನಿಗೆ ದೊರೆತುದು ಮಲಬಾರಿನ, ಕನ್ನಡ ಜಿಲ್ಲೆಯ ಗದ್ದೆಯ ಗುಲಾಮನಿಗೆ ದೊರೆಯಲಿಲ್ಲ.

ಈ ಅನ್ಯಾಯವನ್ನು ಎತ್ತಿ ಆಡಿದವರಲ್ಲಿ ವಿಲಿಯಂ ಆಡಂ ಒಬ್ಬನು. ೧೮೧೮ರಲ್ಲಿ ಬ್ಯಾಪ್ಟಿಸ್ಟ್ ಮಿಷನರಿಯಾಗಿ ಕಲ್ಕತ್ತೆಗೆ ಬಂದ ಇವನು ರಾಜಾ ರಾಮಮೋಹನ ರಾಯರ ಸಹವಾಸದಿಂದ ತನ್ನ ಮತವನ್ನೇ ಬದಲಿಸಿಕೊಂಡು ಯೂನಿಟೇರಿಯನ್ ಆದನು. ಮತಾಂತರ ಮಾಡಬಂದವನು ತಾನೇ ಮತಾಂತರ ಹೊಂದಿದನೆಂದು ಅಂದಿನವರು ನಕ್ಕರಂತೆ. ೧೮೪೦ರಲ್ಲಿ ಅವನು ಬ್ರಿಟಿಷ್ ಇಂಡಿಯದ ಗುಲಾಮಗಿರಿಯ ಕಾನೂನು ಮತ್ತು ರೂಢಿಗಳನ್ನು ಕುರಿತು, ಬಕ್ಸ್‌ಟನ್ನನಿಗೆ ಬರೆದ ಪತ್ರಗಳ ರೂಪದಲ್ಲಿ, ಒಂದು ಪುಸ್ತಕವನ್ನು ಪ್ರಕಟಿಸಿದನು. ಹಿಂದೂ ಶಾಸ್ತ್ರ, ಮಹಮ್ಮದೀಯ ಶಾಸ್ತ್ರಗಳೆರಡನ್ನೂ ಶೋಧಿಸಿ, ಇವುಗಳ ಹೆಸರಿನಲ್ಲಿ ಕಂಪೆನಿಯ ನ್ಯಾಯಾಲಯಗಳೇ ಗುಲಾಮಗಿರಿಗೆ ಆಸರೆ ಕೊಡುತ್ತಿರುವುದನ್ನು ಅವನು ಎತ್ತಿ ತೋರಿಸಿದನು.

೧೮೪೧ರಲ್ಲಿ ಲಾ ಕಮಿಷನ್ನಿನ ವರದಿ ಬಂದಿತು. ೧೮೪೩ರ ಏಪ್ರಿಲಿನಲ್ಲಿ ಐದನೆಯ ಆಕ್ಟು ಹೊರಟಿತು. ಅದರಲ್ಲಿದ್ದುದು ನಾಲ್ಕೇ ವಿಧಿಗಳು. ಸರ್ಕಾರಿ ಅಧಿಕಾರಿಯು ಕಂದಾಯಕ್ಕಾಗಲಿ ಡಿಕ್ರಿಗಾಗಲಿ ಗುಲಾಮನೆಂದು ಯಾರನ್ನೂ ಮಾರಿಸಕೂಡದು. ಗುಲಾಮನ ಮೇಲಣ ಹಕ್ಕನ್ನು ಯಾವ ನ್ಯಾಯಾಲಯವೂ ನಡೆಸಿಕೊಡಕೂಡದು. ಒಬ್ಬನು ತಾನು ಸಂಪಾದಿಸಿದ ಆಸ್ತಿಯನ್ನು ಗುಲಾಮನೆಂಬ ನೆವದಿಂದ ಅವನಿಂದ ಕಿತ್ತುಕೊಳ್ಳಕೂಡದು. ಸ್ವತಂತ್ರನಿಗೆ ಮಾಡಿದರೆ ಅಪರಾಧವಾಗುವ ಕೃತ್ಯವು ಗುಲಾಮನಿಗೆ ಮಾಡಿದರೂ ಅಪರಾಧವೇ. ಇಷ್ಟೆ. ಗುಲಾಮರು ಬಿಡುಗಡೆಯಾದರೆಂದು ಡಂಗುರ ಸಾರಲಿಲ್ಲ. ಕಾನೂನು ತಾನು ಹಿಡಿದಿದ್ದ ಹಗ್ಗದ ತುದಿಯನ್ನು ಸುಮ್ಮನೆ ಕೈಬಿಟ್ಟಿತು. ಗುಲಾಮನನ್ನು ಕೊಳ್ಳುವುದೂ ಮಾರುವುದೂ ದಂಡನೆಗೆ ಗುರಿಯಾದುದು ೧೮೬೦ರ ದಂಡಸಂಹಿತೆಯಿಂದ.

ಭೂಪಟದ ಮೇಲೆ ನೋಡಿದರೆ ಒಂದು ಸಂಗತಿ ಗೋಚರವಾಗುತ್ತದೆ. ಸಿರಸಿ ಸಿದ್ದಾಪುರಗಳು ಆಗ ಕಂಪೆನಿಯ ಕನ್ನಡ ಜಿಲ್ಲೆಗೆ ಸೇರಿದ್ದುವು. ಈ ಆಕ್ಟು ಅಲ್ಲಿ ನಡೆಯುತ್ತಿತ್ತು. ಸೊರಬವು ಮೈಸೂರಿನ ನೆಲ. ನಗರದ ದಂಗೆಯ ತರುವಾಯ ೧೮೩೧ರಿಂದ ೧೮೮೧ರ ವರೆಗೆ ಆಡಳಿತವು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದರೂ ಅದು ಸಂಸ್ಥಾನವೇ ಆಗಿದ್ದಿತು. ಒಂದೇ ಕಾಡು, ಒಂದೇ ಮಳೆ, ಒಂದೇ ಅಡಿಕೆ; ಗಡಿಯ ಕಲ್ಲಿನ ಆಚೆ ಒಂದು ಕಾನೂನು, ಈಚೆ ಇನ್ನೊಂದು. ಸಂಸ್ಥಾನದ ರಾಜರುಗಳೇ ಮುಂದಾದ ಉದಾಹರಣೆಯೂ ಉಂಟು. ತಿರುವಾಂಕೂರಿನ ಮಹಾರಾಜರು, ಮಿಷನರಿಗಳ ಅರ್ಜಿಗಳ ಮತ್ತು ಬ್ರಿಟಿಷ್ ಅಧಿಕಾರಿಗಳ ಒತ್ತಾಯದ ಪರಿಣಾಮವಾಗಿ, ೧೮೫೫ರಲ್ಲಿ ಗುಲಾಮಗಿರಿಯನ್ನು ಘೋಷಣೆಯ ಮೂಲಕ ರದ್ದುಮಾಡಿದರು.

ಕನ್ನಡನಾಡಿನಲ್ಲಿ ಈ ಧರ್ಮವಿಚಾರವನ್ನು ಕಾರ್ಯಕ್ಕೆ ಇಳಿಸಲು ಯತ್ನಿಸಿದವರಲ್ಲಿ, ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರನ್ನು ಹೇಳಬೇಕು. ೧೮೪೩ರಲ್ಲಿ, ಎಂದರೆ ಮೇಲಣ ಆಕ್ಟು ಹೊರಟ ವರ್ಷದಲ್ಲಿಯೇ, ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗನು ಮುಂದೆ ಕೊಡಗಿಗೆ ಹೋಗಿ, ಅಲ್ಲಿ ತಲೆತಲಾಂತರದಿಂದ ಒಡೆಯರ ಹೊಲಕ್ಕೆ ಕಟ್ಟುಬಿದ್ದಿದ್ದ ಜನರಿಗಾಗಿ ಆನಂದಪುರವೆಂಬ ನೆಲೆಯನ್ನು ಕಟ್ಟಿದನು. ಇದೇ ಮಿಷನ್ನಿನ ಆಡಳಿತ ಸಮಿತಿಯು ೧೮೬೦ರ ದಶಕದಲ್ಲಿ, ಆಫ್ರಿಕದ ಗೋಲ್ಡ್ ಕೋಸ್ಟಿನ ತನ್ನ ಸಭೆಗಳವರು ಗುಲಾಮರನ್ನು ಇಟ್ಟುಕೊಳ್ಳಬಾರದೆಂದು ಕಟ್ಟುಮಾಡಿತು. ಇವರ ಉದ್ದೇಶದಲ್ಲಿ ಮತಪ್ರಚಾರವೂ ಇದ್ದಿತೆಂಬುದನ್ನು ಮರೆಯಬೇಕಾಗಿಲ್ಲ. ಆದರೆ ಹೆಂಚಿನ ಕಾರ್ಖಾನೆಯಲ್ಲಿಯೂ ಮಗ್ಗದಲ್ಲಿಯೂ ದುಡಿದವನ ಕೈಗೆ ವಾರಕ್ಕೋ ತಿಂಗಳಿಗೋ ರೊಕ್ಕ ಬಂದಾಗ, ಉಪದೇಶದಿಂದ ಆಗದ ಒಂದು ಕೆಲಸವು ಆಯಿತು. ಆ ರೊಕ್ಕವನ್ನು ಹಿಡಿದು ಅವನು ಬೇರೆ ಊರಿಗೆ ನಡೆದುಹೋಗಬಹುದಾಗಿದ್ದಿತು.

ಮತಾಂತರದ ದಾರಿಯನ್ನು ಹಿಡಿಯದೆ ಅದೇ ಕೆಲಸಕ್ಕೆ ನಿಂತವರು ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು. ಬ್ರಾಹ್ಮಸಮಾಜದ ಪ್ರಭಾವಕ್ಕೆ ಒಳಗಾದ ಈ ಸಾರಸ್ವತರು ೧೮೯೦ರ ದಶಕದಲ್ಲಿ ದಲಿತರ ಮಕ್ಕಳಿಗೆ ಶಾಲೆಯನ್ನು ತೆರೆದು, ಸ್ವಜನರಿಂದ ಬಹಿಷ್ಕಾರವನ್ನೂ ಅನುಭವಿಸಿದರು. ನಮ್ಮ ನೆರೆಯ ಪುಣೆಯಲ್ಲಿ ಜ್ಯೋತಿರಾವ್ ಫುಲೆಯವರು ೧೮೭೩ರಲ್ಲಿ ‘ಗುಲಾಮಗಿರಿ’ ಎಂಬ ಮರಾಠಿ ಗ್ರಂಥವನ್ನು ಬರೆದು, ನೀಗ್ರೋ ಗುಲಾಮರನ್ನು ಬಿಡಿಸಿದ ಅಮೆರಿಕದ ಸಜ್ಜನರಿಗೆ ಅದನ್ನು ಅರ್ಪಿಸಿದರು. ಆ ಅರ್ಪಣೆಯ ಅಭಿಪ್ರಾಯ ಸ್ಪಷ್ಟವಾಗಿದೆ. ಹಡಗಿನಲ್ಲಿ ಬಂದ ದಾಸ್ಯವೂ ಹುಟ್ಟಿನಿಂದ ಬಂದ ದಾಸ್ಯವೂ ಒಂದೇ ಮರದ ಎರಡು ಕೊಂಬೆಗಳೆಂದು ಅವರು ಕಂಡಿದ್ದರು.

ಹಾಗಾದರೆ ಮಲೆನಾಡಿನ ಮಣ್ಣಾಳು ಯಾವಾಗ ಬಿಡುಗಡೆಯಾದನು? ಈ ಪ್ರಶ್ನೆಗೆ ಒಂದು ವರ್ಷವನ್ನು ಹೇಳಿ ಮುಗಿಸಲು ಬರುವುದಿಲ್ಲ. ಕ್ರಯಪತ್ರ ಹೋಯಿತು, ಅದರ ಸ್ಥಾನಕ್ಕೆ ಸಾಲಪತ್ರ ಬಂದಿತು. ಹುಡುಗನಿಗೆ ಮದುವೆಯಾಗಬೇಕು, ಕೈಯಲ್ಲಿ ಕಾಸಿಲ್ಲ. ಒಡೆಯನು ಹಣ ಕೊಡುತ್ತಾನೆ. ಹುಡುಗನು ಅದು ತೀರುವ ತನಕ ದುಡಿಯುವೆನೆಂದು ಒಪ್ಪುತ್ತಾನೆ. ಕೂಲಿಯು ಹೊಟ್ಟೆಗೇ ಸಾಲದು, ಬಡ್ಡಿಯು ಬೆಳೆಯುತ್ತದೆ, ಬಾಣಂತಿತನ, ಕಾಯಿಲೆ, ತಿಥಿಗಳಿಗೆ ಮತ್ತೆ ಸಾಲ, ಕಡೆಗೆ ಮಗನು ಅಪ್ಪನ ಹೆಸರಿನ ಸಾಲಕ್ಕೆ ಹೆಗಲು ಕೊಡುತ್ತಾನೆ. ಇದಕ್ಕೆ ನಾವು ಗುಲಾಮಗಿರಿಯೆಂದು ಹೆಸರಿಡಲಿಲ್ಲ, ಜೀತವೆಂದೆವು. ೧೯೩೩ರಲ್ಲಿ ಶಿವರಾಮ ಕಾರಂತರು ಬರೆದ ‘ಚೋಮನ ದುಡಿ’ಯಲ್ಲಿ, ಚೋಮನ ಮಕ್ಕಳು ಕಾಫಿಯ ತೋಟಕ್ಕೆ ಹೋಗುವುದು ಇಂಥ ಒಂದು ಸಾಲವನ್ನು ತೀರಿಸುವುದಕ್ಕೇ. ಸಂಕೋಲೆ ಕಣ್ಣಿಗೆ ಕಾಣದಿದ್ದರೆ ಅದರ ಭಾರ ಕಡಮೆಯಾಗುವುದಿಲ್ಲ.

ಗುಲಾಮಗಿರಿಯ ನಾಶಕ್ಕೆ ಧರ್ಮವಲ್ಲ, ಹಣಕಾಸಿನ ಲೆಕ್ಕಾಚಾರವೇ ಕಾರಣವೆಂದು ವಾದಿಸುವ ಚರಿತ್ರಕಾರರಿದ್ದಾರೆ. ಎರಿಕ್ ವಿಲಿಯಮ್ಸನು ೧೯೪೪ರಲ್ಲಿ ಬರೆದ ಗ್ರಂಥವು ಈ ವಾದವನ್ನು ಬಲವಾಗಿ ಮಂಡಿಸಿತು. ಅದರ ಮೇಲೆ ವಾದವಿವಾದಗಳು ಬಹಳ ನಡೆದಿವೆ. ಗುಲಾಮರನ್ನು ಬಿಟ್ಟ ಇಂಗ್ಲೆಂಡೇ ಆ ತೋಟಗಳಿಗೆ ನಮ್ಮ ದೇಶದಿಂದ ಕರಾರಿನ ಕೂಲಿಗಳನ್ನು ಹಡಗು ಹತ್ತಿಸಿ ಕಳುಹಿಸಿದುದೂ ನಿಜ. ಆದುದರಿಂದ ಧರ್ಮಬುದ್ಧಿಯೊಂದೇ ಲೋಕವನ್ನು ತಿದ್ದಿತೆಂದು ನಾವು ಹೇಳುವುದಿಲ್ಲ. ಆದರೆ ಲಾಭನಷ್ಟದ ಲೆಕ್ಕವು, ಯಾವ ಆಳು ದುಬಾರಿ ಯಾವುದು ಅಗ್ಗ ಎಂಬುದನ್ನು ಮಾತ್ರ ಹೇಳಬಲ್ಲುದು. ಮನುಷ್ಯನನ್ನು ಕೊಳ್ಳುವುದು ಅಗ್ಗವಾದರೂ ಕೊಳ್ಳಕೂಡದು ಎಂಬ ಮಾತು ಆ ಲೆಕ್ಕದ ಪುಸ್ತಕದಲ್ಲಿ ಹುಟ್ಟುವುದಿಲ್ಲ. ಅದು ಹುಟ್ಟುವುದು ಬೇರೆಯ ಕಡೆ.

೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ ೨೩ನೆಯ ವಿಧಿಯಲ್ಲಿ ಮನುಷ್ಯರ ವ್ಯಾಪಾರವನ್ನೂ ಬಿಟ್ಟಿ ಬಲಾತ್ಕಾರದ ದುಡಿಮೆಯನ್ನೂ ನಿಷೇಧಿಸಿತು. ಮರುವರ್ಷ ಸೊರಬದ ನೆರೆಯ ಸಾಗರದ ಸೀಮೆಯಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ೧೯೭೪ರ ಭೂಸುಧಾರಣೆಯಿಂದ ಗೇಣಿದಾರನಿಗೆ ನೆಲ ದೊರೆಯಿತು. ಆದರೆ ಗೇಣಿಯ ಚೀಟಿಯೂ ಇಲ್ಲದೆ ಬರಿಯ ಆಳ್ತನವೊಂದೇ ಇದ್ದವನಿಗೆ ಅದರಿಂದ ದೊರೆತುದು ಅಲ್ಪ. ೧೯೭೬ರ ಶಾಸನವು ಜೀತಪದ್ಧತಿಯನ್ನು ರದ್ದುಮಾಡಿ, ಜೀತದ ಸಾಲಗಳೆಲ್ಲ ಅಳಿದುಹೋದುವೆಂದು ಸಾರಿತು. ೧೮೪೩ರ ಆಕ್ಟು ಹಗ್ಗದ ತುದಿಯನ್ನು ಬಿಟ್ಟಿತು. ೧೯೭೬ರ ಶಾಸನವು ಗಂಟನ್ನು ಬಿಚ್ಚಲು ಕೈಹಾಕಿತು. ಇವೆರಡರ ನಡುವೆ ನೂರ ಮೂವತ್ತಮೂರು ವರ್ಷಗಳು ಕಳೆದುವು. ನಾಲ್ಕೈದು ತಲೆಮಾರುಗಳ ಮಣ್ಣಾಳುಗಳು ಆ ಅವಧಿಯಲ್ಲಿ ಹುಟ್ಟಿ, ದುಡಿದು, ಮಣ್ಣಾದರು.

ಈ ವಿಚಾರದಿಂದ ನಾವು ತಿಳಿಯತಕ್ಕುದು ಇಷ್ಟು. ದಾಸ್ಯಕ್ಕೆ ಪ್ರಬಲವಾದ ಆಸರೆ ಕ್ರೂರಿಯ ಚಾಟಿಯಲ್ಲ. ಚಾಟಿಯನ್ನು ಕಂಡರೆ ಜನರು ಹೇಸುತ್ತಾರೆ. ಅದರ ಆಸರೆ ಒಳ್ಳೆಯ ಒಡೆಯನ ಒಳ್ಳೆಯತನ. ‘ನಮ್ಮ ಮನೆಯವನ ಹಾಗೆಯೇ ನೋಡಿಕೊಂಡಿದ್ದೇವೆ’ ಎಂಬ ಮಾತನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೇಳಿದ ಮೇಲೆ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ನಮ್ಮ ಮನೆಯವನೆಂದು ನಾವು ಹೇಳುವವನು ಬೇಡವೆಂದಾಗ ನಮ್ಮ ಮನೆಯನ್ನು ಬಿಟ್ಟುಹೋಗಬಲ್ಲನೇ? ಆ ಮನೆಯಲ್ಲಿ ಅವನಿಗೆ ಪಾಲುಂಟೇ? ಎರಡಕ್ಕೂ ಇಲ್ಲವೆಂಬುದು ಉತ್ತರವಾದರೆ, ಅವನು ಮನೆಯವನಲ್ಲ, ಮನೆಯ ಸಾಮಾನು. ಚಾನಿಂಗನು ಪುಸ್ತಕವನ್ನು ಬರೆದು ಹೇಳಿದುದೂ ಉಡುತಡಿಯ ಅಕ್ಕನು ಅರಮನೆಯ ಹೊಸ್ತಿಲು ದಾಟಿ ತೋರಿಸಿದುದೂ ಇದನ್ನೇ. ಹೆಗಲ ಮೇಲಿನ ಕೊಡವನ್ನು ಇಳಿಸಿ ಒಡೆಯುವ ವಿಧಿಯನ್ನು ಕಂಡುಹಿಡಿದ ನಾಡಿನವರು ನಾವು. ಆ ಕೊಡವನ್ನು ಮೊದಲಿಗೇ ಮತ್ತೊಬ್ಬರ ಹೆಗಲಿಗೆ ಏರಿಸದಿರುವ ವಿವೇಕವನ್ನು ನಾವು ಇನ್ನಾದರೂ ಪೂರ್ಣವಾಗಿ ಕಲಿಯಬೇಕಾಗಿದೆ.